ಚಿಕ್ಕಮ್ಮನ ಸೂಟ್‌ಕೇಸು, ಸಹಸ್ರನಾಮ, ಗಸಗಸೆ

ಮಗಳ ಬಾಣಂತನಕ್ಕೆ ಅಂತ ನಮ್ಮ ಚಿಕ್ಕಮ್ಮ ಮೊದಲ ಸಲ ವಿಮಾನ ಹತ್ತಿದ್ದು ಸೌದಿಯ ದಮ್ಮಾಮಿಗೆ. ಹೊರಡುವ ಹಿಂದಿನ ರಾತ್ರಿ ಸಾಗರದ ಅವರ ಮನೆಯಲ್ಲಿ ಎರಡು ಸೂಟ್‌ಕೇಸು ಬಾಯಿ ತೆರೆದು ಬಿದ್ದಿದ್ದವು. ಶುಂಠಿ ಲೇಹ್ಯ, ಮೆಂತ್ಯದ ಹಿಟ್ಟು, ಕಾಳುಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ, ಹಳೇ ಕಾಟನ್ ಸೀರೆ ಹರಿದು ಹೊಲಿದ ಮಗುವಿನ ಬಟ್ಟೆ. ಕೊಕ್ಕೆ ತಕ್ಕಡಿಗೆ ಸೂಟ್‌ಕೇಸು ಸಿಕ್ಕಿಸಿ ಎತ್ತಿ ತೂಗುವುದು ನನ್ನ ಕೆಲಸ. ಎಲ್ಲ ಮುಗಿಯಿತು ಅನ್ನುವಾಗ ಚಿಕ್ಕಮ್ಮ ದೇವರ ಮನೆಯಿಂದ ಕೆಂಪು ಬಟ್ಟೆಯಲ್ಲಿ ಸುತ್ತಿದ ವಿಷ್ಣು ಸಹಸ್ರನಾಮ ತಂದು ಸೀರೆಗಳ ಮಧ್ಯೆ ಇಟ್ಟರು.

ಶುರುವಾಯಿತು ನೋಡಿ. ‘ಅಲ್ಲಿ ಹಿಡೀತಾರಂತೆ.’ ‘ಹರಿದು ಕಸದ ಬುಟ್ಟಿಗೆ ಹಾಕ್ತಾರಂತೆ.’ ‘ಜೈಲಂತೆ.’ ಕನ್ನಡದಲ್ಲಿ ಈ ‘ಅಂತೆ’ಗಿಂತ ಗಟ್ಟಿ ಪ್ರತ್ಯಯ ಇನ್ನೊಂದಿಲ್ಲ. ಯಾರು ಹೇಳಿದ್ದು, ಯಾವಾಗ, ಯಾರಿಗೆ ಆಗಿದ್ದು, ಒಂದೂ ಬೇಡ.

ನಾನು ಜಾಣನ ಹಾಗೆ, ‘ಫೋನಿಗೆ ಪಿಡಿಎಫ್ ಹಾಕಿಕೊಡ್ತೀನಿ ಚಿಕ್ಕಮ್ಮ, ಅಕ್ಷರ ದೊಡ್ಡದು ಮಾಡ್ಕೊಂಡೂ ಓದಬಹುದು’ ಅಂದೆ.

‘ಅದರಲ್ಲಿ ನಿನ್ನ ಚಿಕ್ಕಪ್ಪನ ಅಕ್ಷರ ಬರುತ್ತೇನೋ?’

ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ತೀರಿಹೋದ ಚಿಕ್ಕಪ್ಪ ಮಕ್ಕಳು ಮೊಮ್ಮಕ್ಕಳ ಹುಟ್ಟಿದ ದಿನ, ಗಳಿಗೆ, ನಕ್ಷತ್ರ ಎಲ್ಲ ಬರೆದಿಟ್ಟಿದ್ದರು. ಶ್ಲೋಕಗಳು ಚಿಕ್ಕಮ್ಮನಿಗೆ ಹೇಗೂ ಬಾಯಿಪಾಠ. ಅವರಿಗೆ ಬೇಕಾಗಿದ್ದು ಆ ಹಾಳೆ. ನಾನು ಬಾಯಿ ಮುಚ್ಚಿಕೊಂಡೆ.

ತಮಾಷೆ ಏನು ಗೊತ್ತಾ? ನಿಜವಾಗಿ ಜೈಲಿಗೆ ಕಳಿಸಬಹುದಾಗಿದ್ದ ವಸ್ತು ಅದೇ ಸೂಟ್‌ಕೇಸಿನ ಇನ್ನೊಂದು ಮೂಲೆಯಲ್ಲಿ ಸ್ಟೀಲ್ ಡಬ್ಬಿಯೊಳಗೆ ತಣ್ಣಗೆ ಕೂತಿತ್ತು. ಅಂಟಿನುಂಡೆ. ಅದಕ್ಕೆ ಹಾಕಿದ್ದ ಗಸಗಸೆ! ಗಸಗಸೆ ಬರುವುದು ಅಫೀಮಿನ ಗಿಡದಿಂದ. ನಮಗೆ ಅದು ಪಾಯಸ, ಸೌದಿ, ಯುಎಇ ಕಸ್ಟಮ್ಸಿಗೆ ಅದು ಮಾದಕ ವಸ್ತು. ಪುಸ್ತಕದ ಬಗ್ಗೆ ಒಂದು ಗಂಟೆ ಚರ್ಚೆ ಮಾಡಿದ ಮನೆಯಲ್ಲಿ ಉಂಡೆಯ ಬಗ್ಗೆ ಯಾರೂ ಕೇಳಿರಲಿಲ್ಲ. ಅಳಿಯ ಫೋನಿನಲ್ಲಿ ಕೂಗಾಡಿದ ಮೇಲೆ ಡಬ್ಬಿ ಹೊರಗೆ ಬಂತು. ನಾವೇ ತಿಂದು ಮುಗಿಸಿದೆವು.

ಆ ರಾತ್ರಿಯಿಂದ ಈ ವಿಷಯ ನನ್ನ ತಲೆಗೆ ಹತ್ತಿಕೊಂಡಿದೆ. ಸಿಕ್ಕಿದ್ದೆಲ್ಲ ಓದುತ್ತಾ ಹೋದೆ. ಸೌದಿಯಲ್ಲಿ ದೇವಸ್ಥಾನ, ಚರ್ಚು ಕಟ್ಟುವ ಹಾಗಿಲ್ಲ, ಬೇರೆ ಧರ್ಮದವರು ಹತ್ತು ಜನರೆದುರು ಪೂಜೆ, ಪ್ರಾರ್ಥನೆ ಮಾಡುವ ಹಾಗಿಲ್ಲ. ಆದರೆ ಸ್ವಂತಕ್ಕೆ ಅಂತ ಒಂದು ಧರ್ಮಗ್ರಂಥ ಇಟ್ಟುಕೊಂಡರೆ ಅಡ್ಡಿಯಿಲ್ಲ ಎನ್ನುವುದು ಅಲ್ಲಿನ ಸರ್ಕಾರ ಹೇಳಿಕೊಂಡು ಬಂದಿರುವ ಮಾತು. ಬೇರೆ ಬೇರೆ ದೇಶಗಳ ಕಥೆ ನೋಡಿದರೂ ಕೊನೆಗೆ ಎಲ್ಲ ಗಡಿಗಳಲ್ಲೂ ಕೇಳುವುದು ಒಂದೇ ಪ್ರಶ್ನೆ ಅನ್ನಿಸಿತು. ಯಾವ ಪುಸ್ತಕ ಅಂತ ಅಲ್ಲ, ಯಾರಿಗೆ ತಂದಿದ್ದು ಅಂತ.

ಚೀನಾ ನೋಡಿ. ನಾನ್‌ಜಿಂಗ್‌ನಲ್ಲಿ ಅಮಿಟಿ ಅಂತ ಒಂದು ಮುದ್ರಣಾಲಯ ಇದೆ. ಜಗತ್ತಿನಲ್ಲೇ ಅತಿ ಹೆಚ್ಚು ಬೈಬಲ್ ಅಚ್ಚು ಹಾಕುವ ಜಾಗಗಳಲ್ಲಿ ಅದೂ ಒಂದು. 2019ರ ಹೊತ್ತಿಗೆ ಅಲ್ಲಿ ಅಚ್ಚಾದ ಪ್ರತಿಗಳು 20 ಕೋಟಿ ಮುಟ್ಟಿದ್ದವು. ಅದೇ ಚೀನಾದ ಕುನ್‌ಮಿಂಗ್ ವಿಮಾನ ನಿಲ್ದಾಣದಲ್ಲಿ, 2008ರ ಆಗಸ್ಟ್‌ನಲ್ಲಿ, ಅತ್ತ ಬೀಜಿಂಗ್‌ನಲ್ಲಿ ಒಲಿಂಪಿಕ್ಸ್ ನಡೆಯುತ್ತಿರುವಾಗ, ಅಮೆರಿಕದ ನಾಲ್ಕು ಜನ ತಂದಿದ್ದ 300ಕ್ಕೂ ಹೆಚ್ಚು ಬೈಬಲ್ ಹಿಡಿದಿಟ್ಟುಕೊಂಡರು. ಸ್ವಂತಕ್ಕೆ 300 ಬೈಬಲ್ ಯಾರಿಗೆ ಬೇಕು ಅನ್ನುವುದು ಕಸ್ಟಮ್ಸಿನವರ ವಾದ. ನ್ಯಾಯವಾಗಿ ಹೇಳಬೇಕೆಂದರೆ ಅದಕ್ಕೆ ಉತ್ತರ ಕೊಡುವುದು ಕಷ್ಟವೇ. ಊರಿನೊಳಗೆ ಅಚ್ಚಾಗಿ, ಅನುಮತಿ ಇರುವ ಚರ್ಚಿನಲ್ಲಿ ಮಾರಾಟವಾದರೆ ಪುಸ್ತಕ. ಹೊರಗಿನವರು ಚೀಲ ತುಂಬಾ ತಂದರೆ ಅದು ಬೇರೇನೋ.

ಮಲೇಷ್ಯಾದ್ದು ಇನ್ನೂ ವಿಚಿತ್ರ. ಅಲ್ಲಿ ಲೆಕ್ಕಕ್ಕೆ ಬಂದಿದ್ದು ಭಾಷೆ. 2008ರಲ್ಲಿ ಅಲ್ಲಿನ ಸರವಾಕ್ ರಾಜ್ಯದ ಮೆಲನಾವ್ ಸಮುದಾಯದ ಒಬ್ಬ ಕ್ರೈಸ್ತ ಮಹಿಳೆ ಇಂಡೋನೇಷ್ಯಾದಿಂದ ಎಂಟು ಸಿಡಿ ಹಿಡಿದುಕೊಂಡು ಬಂದಿಳಿದರು. ವಿಮಾನ ನಿಲ್ದಾಣದಲ್ಲಿ ಎಂಟನ್ನೂ ಕಿತ್ತುಕೊಂಡರು. ತಪ್ಪೇನು? ಮಲಯ ಭಾಷೆಯ ಆ ಸಿಡಿಗಳ ಮೇಲೆ ‘ಅಲ್ಲಾ’ ಅನ್ನುವ ಪದ ಇತ್ತು. ಕ್ರೈಸ್ತ ಪ್ರಕಟಣೆಗಳಲ್ಲಿ ಆ ಪದ ಬಳಸಬಾರದು ಅಂತ 1986ರ ಸರ್ಕಾರಿ ಆದೇಶ. ಹಾಗೆ ಬಳಸಬಾರದು ಅಂದ ಪದ ಅದೊಂದೇ ಅಲ್ಲ, ಒಟ್ಟು ನಾಲ್ಕು. ಸರವಾಕ್, ಸಬಾ ಕಡೆಯ ಕ್ರೈಸ್ತರು ತಲೆತಲಾಂತರದಿಂದ ಮಲಯ ಭಾಷೆಯಲ್ಲೇ ಪ್ರಾರ್ಥನೆ ಮಾಡುವವರು, ದೇವರಿಗೆ ಅವರಲ್ಲಿ ಇರುವ ಪದವೇ ಅದು. ಮರುವರ್ಷ ಬಂದರಿನಲ್ಲಿ ಸಾವಿರಗಟ್ಟಲೆ ಮಲಯ ಬೈಬಲ್‌ಗಳನ್ನೂ ತಡೆದರು. ಇಂಗ್ಲಿಷ್ ಬೈಬಲ್ಲಿಗೆ ಈ ತಕರಾರಿರಲಿಲ್ಲ. ನೆರೆಮನೆಯವನಿಗೆ ಅರ್ಥವಾಗದ ಭಾಷೆಯಲ್ಲಿ ಎಷ್ಟು ಬೇಕಾದರೂ ಓದಿಕೊಳ್ಳಿ ಅಂದ ಹಾಗಾಯಿತು, ಅಲ್ವಾ? ನಮ್ಮ ಕನ್ನಡ ಬೈಬಲ್ಲಿನಲ್ಲಿ ‘ದೇವರು’ ಅಂತಲೇ ಇದೆ. ನಾಳೆ ಯಾರಾದರೂ ಆ ಪದ ನಮ್ಮದು, ವಾಪಸ್ ಕೊಡಿ ಅಂದರೆ ಹೇಗಿರುತ್ತದೆ, ಸುಮ್ನೆ ಯೋಚಿಸಿ.

ಆ ಮಹಿಳೆ ಬಿಡಲಿಲ್ಲ. ಕೋರ್ಟಿಗೆ ಹೋದರು. ಸಿಡಿ ಕೈಗೆ ವಾಪಸ್ ಬಂದಿದ್ದು 2015ರಲ್ಲಿ. ಆದೇಶವೇ ಸಂವಿಧಾನಕ್ಕೆ ವಿರುದ್ಧ ಅಂತ ಕ್ವಾಲಾಲಂಪುರದ ಹೈಕೋರ್ಟ್ ತೀರ್ಪು ಕೊಟ್ಟಿದ್ದು 2021ರ ಮಾರ್ಚ್‌ನಲ್ಲಿ. ಎಂಟು ಸಿಡಿಗೆ ಸುಮಾರು ಹದಿಮೂರು ವರ್ಷ. ಅಷ್ಟರಲ್ಲಿ ಸಿಡಿ ಹಾಕುವ ಯಂತ್ರವೇ ಮನೆಗಳಿಂದ ಮಾಯವಾಗಿತ್ತು.

‘ಈಗ ಎಲ್ಲ ಫೋನಿನಲ್ಲಿದೆಯಲ್ಲ, ಕಸ್ಟಮ್ಸಿನವರು ಪುಸ್ತಕ ಹಿಡಿದು ಏನು ಪ್ರಯೋಜನ’ ಅಂತ ನಾನೂ ವಾದ ಮಾಡುತ್ತಿದ್ದವನೇ. ಮಾಲ್ಡೀವ್ಸ್ ಸುದ್ದಿ ಓದಿದ ಮೇಲೆ ಆ ಮಾತು ನಿಲ್ಲಿಸಿದೆ. 2011ರಲ್ಲಿ ಅಲ್ಲಿನ ಒಂದು ದ್ವೀಪದ ಶಾಲೆಯಲ್ಲಿ ಕೇರಳದ ಮೇಷ್ಟ್ರೊಬ್ಬರಿದ್ದರು. ಶಾಲೆಯ ಕಂಪ್ಯೂಟರಿಗೆ ಏನೋ ಹಾಕಿಕೊಡುವಾಗ ಅವರ ಸ್ವಂತದ ಮೇರಿ ಮಾತೆಯ ಚಿತ್ರವೂ ಅಕಸ್ಮಾತ್ ಜೊತೆಗೆ ಹೋಯಿತಂತೆ. ಪೊಲೀಸರು ಮನೆ ಹುಡುಕಿದಾಗ ಬೈಬಲ್ಲು, ಜಪಮಾಲೆ ಸಿಕ್ಕವು. ಅವರನ್ನು ಒಳಗೆ ಹಾಕಿ, ಆಮೇಲೆ ದೇಶದಿಂದಲೇ ಕಳಿಸಿಬಿಟ್ಟರು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಇದು ನಮ್ಮವರೆಲ್ಲ ಹನಿಮೂನ್ ಫೋಟೋ ಹಾಕುವ ಅದೇ ಮಾಲ್ಡೀವ್ಸ್. ಪೂಜೆಯ ವಿಗ್ರಹ ಅಲ್ಲಿಗೆ ಒಯ್ಯುವ ಹಾಗಿಲ್ಲ. ರೆಸಾರ್ಟ್ ಬುಕ್ ಮಾಡುವಾಗ ಇದನ್ನು ಯಾರೂ ಹೇಳುವುದಿಲ್ಲ.

ಉತ್ತರ ಕೊರಿಯಾದಲ್ಲಿ ಪುಸ್ತಕ ಬಿಟ್ಟು ಬಂದರೂ ಅಪರಾಧ. 2014ರಲ್ಲಿ ಅಮೆರಿಕದ ಒಬ್ಬ ಪ್ರವಾಸಿ ಚೊಂಗ್‌ಜಿನ್ ಊರಿನ ಕ್ಲಬ್ಬೊಂದರಲ್ಲಿ ಬೈಬಲ್ ಬಿಟ್ಟು ಬಂದು ಐದಾರು ತಿಂಗಳು ಒಳಗಿದ್ದ. ಯಾರಾದರೂ ತೆಗೆದುಕೊಂಡು ಓದಲಿ ಅಂತ ಬೇಕೆಂದೇ ಬಿಟ್ಟಿದ್ದೆ ಅಂತ ಊರಿಗೆ ಬಂದ ಮೇಲೆ ಅವನೇ ಒಪ್ಪಿಕೊಂಡ.

ನಾವೇನು ಕಡಿಮೆಯಿಲ್ಲ. ನಮ್ಮ ದೇಶಕ್ಕೆ ಪ್ರವಾಸಿ ವೀಸಾದಲ್ಲಿ ಬಂದವರು ಕುರಾನೋ ಬೈಬಲ್ಲೋ ತಂದರೆ ಯಾರೂ ಕೇಳುವುದಿಲ್ಲ, ಅದು ನಮ್ಮ ದೊಡ್ಡತನವೇ. ಆದರೆ ಧರ್ಮಪ್ರಚಾರ ಮಾಡಿದರೆ ವೀಸಾ ನಿಯಮ ಮುರಿದ ಹಾಗೆ. 2020ರ ಏಪ್ರಿಲ್‌ನಲ್ಲಿ ತಬ್ಲೀಗಿ ಜಮಾತ್ ಅನ್ನುವ ಮುಸ್ಲಿಂ ಧರ್ಮಪ್ರಚಾರ ಸಂಘಟನೆಯ 960 ವಿದೇಶಿಯರನ್ನು ಕಪ್ಪುಪಟ್ಟಿಗೆ ಸೇರಿಸಿದ್ದು ಇದೇ ಕಾರಣ ಕೊಟ್ಟು.

ನನ್ನ ಅಭಿಪ್ರಾಯ ಕೇಳಿದರೆ, ನಮ್ಮಲ್ಲಿ ಬಂದು ಹಂಚಬೇಡಿ ಅಂತ ಒಂದು ದೇಶ ಹೇಳಿದರೆ ನನಗೆ ಇಷ್ಟವಾಗುವುದಿಲ್ಲ, ಆದರೂ ಅದನ್ನು ಕೇಳಿಕೊಂಡು ಹೋಗುತ್ತೇನೆ. ಮೇಷ್ಟ್ರ ಮನೆಯ ಜಪಮಾಲೆಗೆ ಕೈ ಹಾಕಿದ್ದು ಮಾತ್ರ ಅನ್ಯಾಯ, ಅದಕ್ಕೆ ಸಂಸ್ಕೃತಿ, ಕಾನೂನು ಯಾವ ಹೆಸರು ಕೊಟ್ಟರೂ ಅಷ್ಟೇ. ಇನ್ನೊಂದು ಸಿಟ್ಟು ಇದೆ. ‘ಸ್ವಂತ ಬಳಕೆ’ ಅಂದರೆ ಒಂದೋ, ಮೂರೋ, ಹತ್ತೋ? ಎಷ್ಟೋ ಕಡೆ ಇದನ್ನು ಜನಕ್ಕೆ ಬಿಡಿಸಿ ಹೇಳುವುದೇ ಇಲ್ಲ. ಆ ರಾತ್ರಿ ಕೌಂಟರಿನಲ್ಲಿ ಕೂತವರಿಗೆ ನಿದ್ದೆ ಸರಿಯಾಗಿದೆಯೋ ಇಲ್ಲವೋ ಅನ್ನುವುದರ ಮೇಲೆ ಪುಸ್ತಕದ ಹಣೆಬರಹ. ಬರೆದು ಹಾಕಿದ್ದರೆ ಸಾಗರದ ಒಂದು ಮನೆ ‘ಅಂತೆ’ಗಳನ್ನು ನಂಬಿಕೊಂಡು ರಾತ್ರಿಯೆಲ್ಲ ಒದ್ದಾಡಬೇಕಿರಲಿಲ್ಲ.

ದಮ್ಮಾಮಿನಲ್ಲಿ ಏನಾಯಿತು ಅಂದಿರಾ? ಸೂಟ್‌ಕೇಸು ತೆರೆಸಿದರು. ಕೆಂಪು ಬಟ್ಟೆ ಬಿಚ್ಚಿ ಪುಸ್ತಕ ನೋಡಿದ ಅಧಿಕಾರಿ ಎರಡು ಹಾಳೆ ತಿರುಗಿಸಿ ಹಾಗೇ ವಾಪಸ್ ಇಟ್ಟನಂತೆ. ಲೇಹ್ಯದ ಡಬ್ಬಿ ಮಾತ್ರ ಮೂರು ಸಲ ಮೂಸಿ ನೋಡಿದನಂತೆ. ಇದೂ ‘ಅಂತೆ’ಯೇ, ಆದರೆ ಚಿಕ್ಕಮ್ಮನ ಬಾಯಿಂದ ಬಂದದ್ದು.

ಮೂರು ತಿಂಗಳಾದ ಮೇಲೆ ಅವರು ಖರ್ಜೂರ ತುಂಬಿಕೊಂಡು ವಾಪಸ್ ಬಂದರು. ಸೂಟ್‌ಕೇಸು ಖಾಲಿ ಮಾಡುವಾಗ ಕೆಂಪು ಬಟ್ಟೆ ಕಾಣಲಿಲ್ಲ. ಕೇಳಿದೆ.

‘ಮಗುವಿನ ನಕ್ಷತ್ರ ಬರೆದು ಅಲ್ಲೇ ಇಟ್ಟು ಬಂದೆ ಕಣೋ.’

‘ಸ್ವಂತಕ್ಕೆ ಅಂತ ಒಯ್ದಿದ್ದಲ್ವಾ ಚಿಕ್ಕಮ್ಮ?’

‘ಮತ್ತೆ? ಮಗಳು ಸ್ವಂತ ಅಲ್ಲವೇನೋ?’