ಎಣ್ಣೆ ಬಾಟ್ಲಿಯ ಚಳಿಗಾಲ

ನಮ್ಮ ಮಂಗಳೂರಿಗೆ ಚಳಿ ಬಂತೆಂದು ಸಾರುವುದು ತೆಂಗಿನೆಣ್ಣೆ. ಸೆಖೆ ಸ್ವಲ್ಪ ಬಿಟ್ಟು 24 ಡಿಗ್ರಿಗಿಂತ ಕೆಳಗಿಳಿದರೆ ಸಾಕು, ಡಿಸೆಂಬರಿನ ಬೆಳಗ್ಗೆ ಬಾಟ್ಲಿಯೊಳಗೆ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ತಲೆಕೆಳಗು ಮಾಡಿದರೂ ಹನಿ ಬೀಳುವುದಿಲ್ಲ. ಅಮ್ಮ ಅದನ್ನು ಜಗಲಿಯ ಬಿಸಿಲಿಗಿಟ್ಟು, ಕಾಯಲಿಕ್ಕೆ ನನ್ನನ್ನು ಕೂರಿಸುತ್ತಾರೆ.

ಮೊನ್ನೆ ಹಾಗೆ ಕೂತಿದ್ದಾಗ ಶನಿಯ ದೊಡ್ಡ ಚಂದ್ರ ಟೈಟನ್ ನೆನಪಾಯಿತು. ಅಲ್ಲಿ ಮೈನಸ್ 179 ಡಿಗ್ರಿ. ನೀರೆಂದರೆ ಅಲ್ಲಿ ಕಲ್ಲು. 2005ರ ಜನವರಿ 14ರಂದು ಇಳಿದ ಹೈಗೆನ್ಸ್ ನೌಕೆ ಕಳಿಸಿದ ಚಿತ್ರದಲ್ಲಿ ಉರುಟು ಮಂಜುಗಡ್ಡೆಗಳು ಬೇಸಗೆಯ ನೇತ್ರಾವತಿಯ ಕಲ್ಲುಗಳ ಹಾಗೆಯೇ ಬಿದ್ದುಕೊಂಡಿವೆ. ಮಳೆಯೂ ಉಂಟು, ಮೀಥೇನಿನದು. ಗುರುತ್ವ ನಮ್ಮದರ ಏಳರಲ್ಲೊಂದು ಪಾಲು, ಗಾಳಿಯೋ ದಪ್ಪ. ಹನಿಗಳು ಅವಸರವಿಲ್ಲದೆ ಇಳಿಯುತ್ತವೆ. ಆಟಿಯ ಮಳೆ ಕಂಡವರು ಅದನ್ನು ಮಳೆಯೆಂದು ಒಪ್ಪಲಿಕ್ಕಿಲ್ಲ.

ಅಲ್ಲಿ ಜೀವವಿದ್ದರೆ ಹೇಗಿದ್ದೀತು? ನಮ್ಮ ಜೀವಕೋಶದ ಪೊರೆ ಹೆಚ್ಚುಕಡಿಮೆ ಕೊಬ್ಬೇ. ಚಳಿಗೆ ಈ ಎಣ್ಣೆಯಂತೆ ಬಿಗಿಯುತ್ತದೆ. (ತಣ್ಣನೆಯ ಕಡಲಿನ ಮೀನುಗಳು ಅದಕ್ಕೇ ಪೊರೆಯ ಕೊಬ್ಬನ್ನು ಬದಲಿಸಿಕೊಳ್ಳುತ್ತವೆ. ನಮ್ಮ ಬಂಗುಡೆಗೆ ಆ ತಲೆಬಿಸಿಯಿಲ್ಲ.) ಟೈಟನ್ನಿನಲ್ಲಾದರೆ ಪ್ಲಾಸ್ಟಿಕ್ಕಿನ ಕಚ್ಚಾವಸ್ತುವಾದ ಅಕ್ರೈಲೋನೈಟ್ರೈಲಿನ ಪೊರೆ ಮೆತ್ತಗೆ ಉಳಿದೀತೆಂದು 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಅಲ್ಲಿನ ಗಾಳಿಯಲ್ಲಿ ಆ ವಸ್ತು ಇರುವುದೂ ಖಚಿತವಾಗಿದೆ. ಅಂಥ ಪೊರೆಯನ್ನು ಮಾತ್ರ ಅಲ್ಲಿ ಯಾರೂ ಕಂಡಿಲ್ಲ.

ಆದರೆ ನನ್ನ ತಲೆಗೆ ಹೊಕ್ಕದ್ದು ಅಲ್ಲಿನ ನಿಧಾನ. ಹತ್ತು ಡಿಗ್ರಿ ಇಳಿದರೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರಿಗೆ ಅರ್ಧವಾಗುತ್ತದೆ. ರಾತ್ರಿ ಹೊರಗಿಟ್ಟ ಉದ್ದಿನ ದೋಸೆಹಿಟ್ಟು ಬೆಳಗ್ಗೆ ಮುಚ್ಚಳ ಎತ್ತಿ ಕಟ್ಟೆಗೆ ಇಳಿದಿರುತ್ತದೆ. ಫ್ರಿಜ್ಜಿನದು ಇಟ್ಟಲ್ಲೇ ಇರುತ್ತದೆ. ಮೈನಸ್ 179ರಲ್ಲಿ ಹಿಟ್ಟು ಉಬ್ಬಲಿಕ್ಕೆ ಎಷ್ಟು ತಲೆಮಾರು ಕಾಯಬೇಕೋ! ಅಲ್ಲಿಯವರ ಊಟ ಅಸೆಟಿಲೀನ್ ಇರಬಹುದಂತೆ, ಬಂದರಿನ ವೆಲ್ಡಿಂಗ್ ಶಾಪುಗಳಲ್ಲಿ ಉರಿಸುವ ಅದೇ ಗ್ಯಾಸ್. ಒಂದು ತುತ್ತು ಅರಗುವಷ್ಟರಲ್ಲಿ ಇಲ್ಲಿ ಅಜ್ಜನ ತೋಟ ಮೊಮ್ಮಕ್ಕಳ ಪಾಲಾಗಿರುತ್ತದೋ ಏನೋ.

ಅವರ ಲೆಕ್ಕದಲ್ಲಿ ನಾವು ಎಂಥವರು? ಕರಗಿದ ಕಲ್ಲನ್ನು ಲೋಟದಲ್ಲಿ ಹೊಯ್ದು ಗಟಗಟ ಕುಡಿಯುವವರು. ಅದರಲ್ಲೇ ಸ್ನಾನವನ್ನೂ ಮಾಡುವವರು.

"ಎಂತ ಮಾರಾಯ, ಇನ್ನೂ ಕರಗಲಿಲ್ವಾ? ಒಗ್ಗರಣೆಗೆ ಬೇಕು" ಎಂದು ಒಳಗಿನಿಂದ ಅಮ್ಮ. ಬಾಟ್ಲಿ ಎತ್ತಿ ನೋಡಿದೆ. ಗೋಡೆಯ ಸುತ್ತ ತೆಳ್ಳಗೆ ಎಣ್ಣೆ, ನಡುವೆ ಬಿಳಿಯ ಗಟ್ಟಿ ಮೆಲ್ಲಗೆ ಜಾರುತ್ತಿತ್ತು.