ನನ್ನ ಹಟ್ಟಿಯಲ್ಲಿರುವ ಜೀವ ನಿಮಗೆ ಬರೀ ಮುದ್ದೆಮಾಲಾ?

ಇವತ್ತು ಬೆಳಿಗ್ಗೆ ಠಾಣೆಯಿಂದ ಫೋನ್ ಬಂತು. "ಮೇಡಂ, ಆ ಮುದ್ದೆಮಾಲು ನಿಮ್ಮ ಹತ್ತಿರವೇ ಉಂಟಲ್ಲ? ಅದನ್ನು ಬಿಡಿಸಿಕೊಳ್ಳಲಿಕ್ಕೆ ಮಾಲೀಕರು ಕೋರ್ಟಿಗೆ ಅರ್ಜಿ ಹಾಕಿದ್ದಾರೆ. ಗುರುವಾರ ನೀವೂ ಬರಬೇಕು."

ಕೇಸಿನಲ್ಲಿ ವಶಪಡಿಸಿಕೊಂಡ ವಸ್ತುವಿಗೆ ಪೊಲೀಸರು ಮುದ್ದೆಮಾಲು ಅನ್ನುತ್ತಾರೆ. ಆ ಹೊತ್ತಿಗೆ ನಾನು ಆ ಮುದ್ದೆಮಾಲಿಗೆ, ಅಂದರೆ ಒಂದು ಗಿಡ್ಡ ಕುದುರೆಗೆ, ಹುಲ್ಲು ನೆನೆಸುತ್ತಿದ್ದೆ. ಅದು ನನ್ನ ಸೆರಗು ಕಚ್ಚಿ ಎಳೆಯುತ್ತಿತ್ತು. ಎರಡೂವರೆ ತಿಂಗಳಿಂದ ಒಳಗೇ ಇಟ್ಟುಕೊಂಡ ಸಿಟ್ಟು ಇವತ್ತು ಬರೆಯದೆ ಇಳಿಯುವುದಿಲ್ಲ.

ಊರಿನ ಹೆಸರು ಹೇಳುವುದಿಲ್ಲ, ಕೇಸು ನಡೆಯುತ್ತಿದೆ. ಉಡುಪಿ ಕಡೆಯ ಒಂದು ಬೀಚ್ ಅಂತ ತಿಳಿದುಕೊಳ್ಳಿ. ಬೇಸಿಗೆ ರಜೆಯಲ್ಲಿ ಅಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹೊಡೆಯುವ ಒಂದು ಗಿಡ್ಡ ಕುದುರೆ ಇತ್ತು. ಕಂದು ಬಣ್ಣ, ಹಣೆಯಲ್ಲಿ ಬಿಳಿ ಮಚ್ಚೆ. ನನ್ನ ಸೊಂಟದಷ್ಟೂ ಎತ್ತರ ಇಲ್ಲ. ಮಿನಿಯೇಚರ್ ಹಾರ್ಸ್ ಅನ್ನುತ್ತಾರಲ್ಲ, ಅದೇ ಜಾತಿ. ನೋಡಿದವರೆಲ್ಲ "ಅಯ್ಯೋ, ಎಷ್ಟು ಚಂದದ ಮರಿ" ಅನ್ನುತ್ತಿದ್ದರು. ಅದು ಮರಿಯಲ್ಲ. ಆಮೇಲೆ ಡಾಕ್ಟ್ರು ಹಲ್ಲು ನೋಡಿ ಹನ್ನೆರಡು ವರ್ಷ ದಾಟಿದೆ ಅಂದರು. ಇಷ್ಟು ಸಣ್ಣ ಕುದುರೆ ತನ್ನ ತೂಕದ ಐದರಲ್ಲೊಂದು ಪಾಲಿಗಿಂತ ಜಾಸ್ತಿ ಹೊರಬಾರದು. ಅಂದರೆ ನಾಲ್ಕೈದು ವರ್ಷದ ಒಂದು ಮಗು, ಅಷ್ಟೇ. ಇದರ ಮೇಲೆ ಹೈಸ್ಕೂಲ್ ಹುಡುಗರು ಕೂತು ಸೆಲ್ಫಿ ತೆಗೆದದ್ದನ್ನು ನಾನೇ ನೋಡಿದ್ದೇನೆ. ಆಗ ಸುಮ್ನೆ ದಾಟಿ ಹೋದೆನಲ್ಲ ಅನ್ನುವ ಸಂಕಟ ಈಗಲೂ ಇದೆ.

ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾಯಿತು. ಬೋಟುಗಳು ದಕ್ಕೆ ಸೇರಿದವು, ಮಳೆ ಹಿಡಿಯಿತು, ಬೀಚಿಗೆ ಬರುವವರು ನಿಂತರು. ಕುದುರೆಯನ್ನು ಒಂದು ಗಾಳಿಮರದ ಬುಡಕ್ಕೆ ಬಲೆಯ ಹಗ್ಗದಲ್ಲಿ ಕಟ್ಟಿ ಮಾಲೀಕ ಊರು ಬಿಟ್ಟ. ಹಗ್ಗ ಎರಡು ಮಾರು ಇದ್ದಿರಬಹುದು. ಆ ಎರಡು ಮಾರಿನೊಳಗೆ ಒಂದು ಗರಿಕೆ ಕೂಡ ಉಳಿದಿರಲಿಲ್ಲ.

ನಾನು ನೋಡಿದ ದಿನ ಅದು ಮರಳು ನೆಕ್ಕುತ್ತಾ ನಿಂತಿತ್ತು. ಒಂದೊಂದು ಪಕ್ಕೆಲುಬನ್ನೂ ಎಣಿಸಬಹುದಿತ್ತು. ಮೂಗಿನ ಮೇಲಿನ ನೈಲಾನ್ ಹಗ್ಗ ಚರ್ಮ ಕೊರೆದು ಮಾಂಸದೊಳಗೆ ಇಳಿದಿತ್ತು, ಅಲ್ಲಿ ಹುಳ ಓಡಾಡುತ್ತಿದ್ದವು. ಕಾಲು ನೋಡಿದಾಗ ನನಗೆ ತಲೆ ತಿರುಗಿತು. ಗೊರಸು ಮುಂದಕ್ಕೆ ಬೆಳೆದು ಬೆಳೆದು ಮೆಟ್ಟುಕತ್ತಿಯ ಮೂತಿಯ ಹಾಗೆ ಮೇಲಕ್ಕೆ ಬಾಗಿತ್ತು. ಕುದುರೆಯ ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಇದಕ್ಕೆ ಒಂದು ವರ್ಷದಿಂದ ಯಾರೂ ಕತ್ತಿ ಮುಟ್ಟಿಸಿರಲಿಕ್ಕಿಲ್ಲ. ನಿಲ್ಲಲಾಗದೆ ಹಿಮ್ಮಡಿಯ ಮೇಲೆ ಭಾರ ಹಾಕಿಕೊಂಡು ಹಿಂದಕ್ಕೆ ವಾಲಿಕೊಂಡಿತ್ತು.

ಮೊದಲು ಠಾಣೆಗೆ ಹೋದೆ. ನಾಯಿ, ದನ ಆದರೆ ಬೇರೆ ವಿಷಯ, ಕುದುರೆಗೆ ನಾವೆಂತ ಮಾಡುದು ಅಂದರು. ಪಂಚಾಯಿತಿಯಲ್ಲಿ ದೊಡ್ಡಿ ಮುಚ್ಚಿ ವರ್ಷಗಳಾಯಿತು ಅಂದರು. ಅರಣ್ಯ ಇಲಾಖೆಯಲ್ಲಿ ಇದು ಕಾಡುಪ್ರಾಣಿ ಅಲ್ಲವಲ್ಲ ಅಂದರು. ಜಿಲ್ಲೆಗೊಂದು ಪ್ರಾಣಿದಯಾ ಸಂಘ ಇರಲೇಬೇಕು ಅಂತ 2001ರ ನಿಯಮವೇ ಹೇಳುತ್ತದೆ. ಇಂಥ ಪ್ರಾಣಿಯನ್ನು ತಂದಿಡಲಿಕ್ಕೆ ಜಾಗ ಎಲ್ಲಿದೆ ಅಂತ ಕೇಳಿದರೆ ಒಬ್ಬರೂ ಬಾಯಿಬಿಡಲಿಲ್ಲ. ಎಲ್ಲರೂ ಕೊನೆಗೆ ಹೇಳಿದ್ದು ಒಂದೇ ಮಾತು: "ನಿಮ್ಮ ಮನೆಯಲ್ಲಿ ಹಟ್ಟಿ ಉಂಟಲ್ಲ, ಸದ್ಯಕ್ಕೆ ನೀವೇ ಇಟ್ಟುಕೊಳ್ಳಿ." ಆ ಮಾತನ್ನು ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡಿ ಅಂದೆ. ಅದಕ್ಕೆ ಯಾರೂ ತಯಾರಿಲ್ಲ.

ತಂದೆ. ತರದೆ ಏನು ಮಾಡಲಿ? ಗೂಡ್ಸ್ ಟೆಂಪೋದಲ್ಲಿ ಬೈಹುಲ್ಲು ಹಾಸಿ, ಮಳೆಯಲ್ಲಿ ನೆನೆದುಕೊಂಡು ತಂದೆ. ಮೂರನೇ ದಿನ ಅದೇ ಠಾಣೆಯವರು, "ಮಾಲೀಕ ಫೋನ್ ಮಾಡಿದ್ದ ಮೇಡಂ. ಕೇಳದೆ ಬಿಚ್ಚಿಕೊಂಡು ಹೋದರೆ ಅದು ಕಳ್ಳತನ ಆಗ್ತದೆ, ಗೊತ್ತುಂಟಾ ನಿಮಗೆ?" ಅಂದರು. ಕೈಕಾಲು ನಡುಗಿತು. ಹೆದರಿಕೆಯಿಂದಲ್ಲ, ಕೋಪದಿಂದ. ಮರಳು ತಿನ್ನಿಸಿದವನ ಫೋನಿಗೆ ಇಷ್ಟು ಬೆಲೆ. ನಾನು ಕೊಟ್ಟ ದೂರಿಗೆ ಸ್ವೀಕೃತಿ ಚೀಟಿ ಸಿಗಲಿಕ್ಕೆ ಒಂದು ವಾರ.

1962ಕ್ಕೆ ಫೋನ್ ಮಾಡಿದ್ದಕ್ಕೆ ಪಶು ಆಂಬುಲೆನ್ಸ್ ಬಂತು, ಅದನ್ನು ಹೇಳಲೇಬೇಕು. ಬಂದ ಡಾಕ್ಟ್ರು ಒಳ್ಳೆಯ ಮನುಷ್ಯ. "ನಾನು ದಿನಾ ನೋಡುವುದು ದನ, ನಾಯಿ. ಕುದುರೆ ನೋಡಿ ತುಂಬಾ ವರ್ಷ ಆಯಿತು ಅಕ್ಕ" ಅಂತ ಮುಚ್ಚುಮರೆ ಇಲ್ಲದೆ ಹೇಳಿದರು. ಬೆಂಗಳೂರಿನ ಗೆಳೆಯರಿಗೆ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ ಕೇಳಿಕೊಂಡರು. ಗಾಯ ತೊಳೆದು, ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟರು. ಮೈಕಟ್ಟಿಗೆ ಒಂಬತ್ತರಲ್ಲಿ ಎರಡು ಅಂತ ಅಂಕ ಬರೆದರು. ಒಂದು ಅಂದರೆ ಬರೀ ಎಲುಬಿನ ಗೂಡು.

ಅವರೇ ನನಗೆ ಒಂದು ಪರೀಕ್ಷೆ ಹೇಳಿಕೊಟ್ಟರು. ಲದ್ದಿಯನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಕಲಕಿ ಇಡಿ ಅಂದರು. ಅರ್ಧ ಗಂಟೆ ಬಿಟ್ಟು ನೋಡಿದೆ. ನಾರೆಲ್ಲ ಮೇಲೆ ತೇಲುತ್ತಿತ್ತು. ತಳದಲ್ಲಿ ಎರಡು ಬೆರಳು ದಪ್ಪ ಮರಳು ಕೂತಿತ್ತು. ಬಿಳಿ ಮರಳು, ನಡುನಡುವೆ ಕಪ್ಪೆಚಿಪ್ಪಿನ ಚೂರು. ಅದು ಕರುಳಿನಲ್ಲಿ ಗಟ್ಟಿಯಾಗಿ ನಿಂತರೆ ಹೊಟ್ಟೆನೋವಿನಲ್ಲೇ ಕುದುರೆ ಸಾಯುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದೇ ಇಲ್ಲ, ಒಳಗೆ ಹೋದದ್ದು ಹಿಂದಿನಿಂದಲೇ ಹೊರಬೀಳಬೇಕು. ಮೆಡಿಕಲ್ ಶಾಪಿನಲ್ಲಿದ್ದ ಇಸಬ್ಗೋಲ್ ಪ್ಯಾಕೆಟ್ ಎಲ್ಲ ನಾನೇ ಕೊಂಡೆ.

ಹಸಿದ ಕುದುರೆಗೆ ಹೊಟ್ಟೆ ತುಂಬ ಹಾಕುವುದೂ ತಪ್ಪು ಅಂತ ಆಗಲೇ ನನಗೆ ಗೊತ್ತಾದದ್ದು. ಒಮ್ಮೆಲೇ ಜಾಸ್ತಿ ತಿಂದರೆ ಜೀವಕ್ಕೇ ಅಪಾಯ. ಎರಡು ಗಂಟೆಗೊಮ್ಮೆ ಒಂದೊಂದು ಹಿಡಿ ನೆನೆಸಿದ ಹುಲ್ಲು, ರಾತ್ರಿ ಕೂಡ. ಪಕ್ಕದ ಮನೆಯ ಅಜ್ಜಿ ಪ್ರೀತಿಯಿಂದ ಅನ್ನ, ಹಲಸಿನ ಸಿಪ್ಪೆ, ದನದ ಹಿಂಡಿ ತಂದರೆ ಗೇಟಿನಲ್ಲೇ ತಡೆಯಬೇಕಾಯಿತು. ಅವರಿಗೆ ಬೇಜಾರಾಯಿತು, ನನಗೂ ಆಯಿತು. ಆದರೆ ದನಕ್ಕೆ ಆಗುವುದು ಕುದುರೆಗೆ ಆಗುವುದಿಲ್ಲ.

ಆಮೇಲೆ ಗ್ಲ್ಯಾಂಡರ್ಸ್ ಪರೀಕ್ಷೆ. ಅದು ಕುದುರೆ, ಕತ್ತೆಗಳಿಗೆ ಬರುವ ರೋಗ, ಮನುಷ್ಯರಿಗೂ ಹರಡುತ್ತದೆ. ಲಸಿಕೆ ಇಲ್ಲ. ಇದೆ ಅಂತ ಗೊತ್ತಾದರೆ ಕುದುರೆಯನ್ನು ಕೊಲ್ಲಲೇಬೇಕು. ರಕ್ತ ಹರಿಯಾಣದ ಹಿಸಾರಿನಲ್ಲಿರುವ ಕುದುರೆ ಸಂಶೋಧನಾ ಕೇಂದ್ರಕ್ಕೆ ಹೋಯಿತು. ವರದಿ ಬರುವವರೆಗೆ ಗ್ಲೌಸ್ ಹಾಕಿ ಮುಟ್ಟಿದೆ, ಮನೆಯ ಮಕ್ಕಳನ್ನು ಹಟ್ಟಿಯ ಹತ್ತಿರ ಬಿಡಲಿಲ್ಲ, ರಾತ್ರಿ ನಿದ್ದೆ ಇಲ್ಲ. ರೋಗ ಇಲ್ಲ ಅಂತ ಬಂದ ದಿನ ಅದರ ಕುತ್ತಿಗೆ ಹಿಡಿದು ಅತ್ತುಬಿಟ್ಟೆ. ಈಗ ನನ್ನ ಪ್ರಶ್ನೆ ಇದು: ರಜೆಯಲ್ಲಿ ನೂರಾರು ಮಕ್ಕಳು ಇದರ ಬೆನ್ನ ಮೇಲೆ ಕೂತರಲ್ಲ, ಆಗ ಈ ಪರೀಕ್ಷೆ ಆಗಿದೆಯಾ ಅಂತ ಯಾರು ಕೇಳಿದರು? ನನ್ನ ಹಟ್ಟಿಗೆ ಬಂದ ಮೇಲೆ ಮಾತ್ರ ಎಲ್ಲರಿಗೂ ನಿಯಮ ನೆನಪಾಯಿತು.

ಕೇಸು ದಾಖಲಾಗಲಿಕ್ಕೆ ಮೂರು ವಾರ ಬೇಕಾಯಿತು. ಪ್ರಾಣಿಯನ್ನು ಉಪವಾಸ ಕೆಡವುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿಗೆ ಬರುತ್ತದೆ. ಆದರೆ ಅದು ಪೊಲೀಸರು ತಾವಾಗಿ ತನಿಖೆ ಮಾಡಬಹುದಾದ ಅಪರಾಧ ಅಲ್ಲ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಶಿಕ್ಷೆ ಎಷ್ಟು ಗೊತ್ತಾ? ಮೊದಲ ಸಲಕ್ಕೆ 10 ರೂಪಾಯಿಯಿಂದ 50 ರೂಪಾಯಿವರೆಗೆ ದಂಡ. 1960ರಲ್ಲಿ ಬರೆದ 50 ರೂಪಾಯಿ ಇವತ್ತಿಗೂ 50 ರೂಪಾಯಿಯೇ. 2022ರಲ್ಲಿ ಇದನ್ನು ಬದಲಾಯಿಸುವ ಕರಡು ಬಂತು, ಜನರ ಅಭಿಪ್ರಾಯ ಕೇಳಿದರು, ಅಲ್ಲಿಗೆ ನಿಂತಿತು. ವಕೀಲರು ಹೇಳಿದ ಮಾತು ಕೇಳಿ ನನಗೆ ಊಟ ಸೇರಲಿಲ್ಲ. ಹೊಸ ನ್ಯಾಯ ಸಂಹಿತೆಯಲ್ಲಿ ಪ್ರಾಣಿಯನ್ನು ಕೊಂದರೆ, ಊನ ಮಾಡಿದರೆ ಐದು ವರ್ಷದವರೆಗೆ ಜೈಲು ಇದೆಯಂತೆ. "ಅದು ಸತ್ತೇ ಹೋಗಿದ್ದರೆ ಕೇಸು ಗಟ್ಟಿಯಾಗ್ತಿತ್ತು" ಅಂದರು. ನಾನು ಬದುಕಿಸಿದ್ದೇ ತಪ್ಪಾಯಿತಾ?

ಇಲ್ಲಿಯವರೆಗೆ ₹38,000 ಖರ್ಚಾಗಿದೆ. ಗೊರಸು ಕತ್ತರಿಸುವವರು ಕರಾವಳಿಯಲ್ಲಿ ಸಿಗಲಿಲ್ಲ, ಮೈಸೂರಿನಿಂದ ಒಬ್ಬರು ರಾತ್ರಿ ಬಸ್ಸಿನಲ್ಲಿ ಬಂದರು. ಒಂದೇ ಸಲ ಪೂರ್ತಿ ಕತ್ತರಿಸಿದರೆ ರಕ್ತ ಬರುತ್ತದೆ, ಮೂರು ಸಲ ಬರಬೇಕು ಅಂದರು. ಎರಡು ಸಲ ಆಗಿದೆ. ವಶಪಡಿಸಿಕೊಂಡ ಪ್ರಾಣಿಯನ್ನು ಸಾಕುವ ಖರ್ಚನ್ನು ಮಾಲೀಕನಿಂದ ವಸೂಲಿ ಮಾಡಲಿಕ್ಕೆ 2017ರ ನಿಯಮ ಇದೆ. ಅದರ ಪ್ರತಿಯನ್ನು ನಾನೇ ಪ್ರಿಂಟ್ ತೆಗೆದು ಮೂರು ಕಚೇರಿಗಳಿಗೆ ಕೊಟ್ಟಿದ್ದೇನೆ. ಹಣಕ್ಕಾಗಿ ಅಲ್ಲ. ಒಂದು ಜೀವಕ್ಕೆ ದಿನಕ್ಕೆ ಎಷ್ಟು ಬೇಕು ಅಂತ ಅವನಿಗೆ ಗೊತ್ತಾಗಲಿ ಅಂತ.

ಆ ಮನುಷ್ಯ ಹೋದ ವಾರ ಮನೆಗೇ ಬಂದಿದ್ದ. "ಅಕ್ಕಾ, ಅದು ನನ್ನ ದುಡಿಮೆ. ಅಷ್ಟಮಿಗೆ ಬುಕಿಂಗ್ ಉಂಟು, ಫೋಟೋಕ್ಕೆ ಬೇಕು. ದಯಮಾಡಿ ಕೊಡಿ" ಅಂದ. ಅವನಿಗೂ ಸಂಸಾರ ಇದೆ, ನನಗೆ ಗೊತ್ತು. ಆದರೆ ದುಡಿದು ಹಾಕುವ ಪ್ರಾಣಿಯನ್ನು ಮಳೆಯಲ್ಲಿ ಕಟ್ಟಿ ಹೋಗುವಾಗ ಒಂದು ಹೊರೆ ಹುಲ್ಲಿಗೆ ಯಾರಿಗಾದರೂ ಹೇಳಿ ಹೋಗಲು ಏನಾಗಿತ್ತು? ಅವನ ದನಿ ಕೇಳಿದ್ದೇ ಕುದುರೆ ಹಟ್ಟಿಯ ಮೂಲೆಗೆ ಸರಿದು ಗೋಡೆಗೆ ಮುಖ ಮಾಡಿ ನಿಂತಿತು. ಅವನು ಹೋಗಿ ಸಂಜೆಯಾದರೂ ಈ ಕಡೆ ತಿರುಗಲಿಲ್ಲ.

ಗುರುವಾರ ಕೋರ್ಟಿಗೆ ಹೋಗುತ್ತೇನೆ. ಡಾಕ್ಟ್ರ ವರದಿ, ಮೊದಲ ದಿನದ ಫೋಟೋಗಳು, ಕತ್ತರಿಸಿದ ಗೊರಸಿನ ತುಂಡುಗಳು, ಮೂಗಿನಿಂದ ಬಿಡಿಸಿದ ಹಗ್ಗ, ಎಲ್ಲ ಒಂದು ಚೀಲದಲ್ಲಿ ತುಂಬಿಸಿಟ್ಟಿದ್ದೇನೆ. ಆ ಹಾರ್ಲಿಕ್ಸ್ ಬಾಟಲಿಯನ್ನು ನಾನು ಚೆಲ್ಲಿಲ್ಲ. ಮುದ್ದೆಮಾಲು ಅಂತ ಬರೆದುಕೊಳ್ಳುವುದಾದರೆ ಆ ಮರಳನ್ನು ಬರೆದುಕೊಳ್ಳಲಿ.