ಸಮುದ್ರ ಮಟ್ಟದಿಂದ 519.60 ಮೀಟರ್ ಎತ್ತರದ ಸಮುದ್ರ

ನವನಗರದ ನಮ್ಮ ಮನೆಯ ಗೇಟಿಗೆ ಯಾರೋ ಬಣ್ಣದ ಕರಪತ್ರ ಸಿಕ್ಕಿಸಿ ಹೋಗಿದ್ದರು. ನೀಲಿ ನೀರು, ಬಿಳಿ ಹಾಯಿಯ ದೋಣಿ, ದಂಡೆಯಲ್ಲಿ ವಾಲಿದ ತೆಂಗಿನ ಮರ, ಅದರ ಕೆಳಗೆ ಅಗಲ ಟೊಪ್ಪಿಗೆಯ ಹೆಣ್ಣುಮಗಳು. ‘ಪುಟ್ಟ ನಗರದ ಪಕ್ಕದಲ್ಲೇ ಕಡಲತೀರದ ಬದುಕು’ ಎಂದು ದಪ್ಪಕ್ಷರ. ಗೋವಾದ್ದಿರಬೇಕೆಂದು ರೊಟ್ಟಿ ಬುಟ್ಟಿಯ ತಳಕ್ಕೆ ಹಾಸಲು ಕೊಟ್ಟೆ. ಮನೆಯವಳು ಹಾಸುವ ಮುಂಚೆ ಓದಿದಳು. “ಗೋವಾ ಅಲ್ಲ, ನಮ್ಮ ಬಾಗಲಕೋಟೆಯೇ. ಬಸ್ ನಿಲ್ದಾಣದಿಂದ ಹತ್ತೇ ನಿಮಿಷವಂತೆ” ಎಂದಳು.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದ ನಾವು ಇಷ್ಟು ವರ್ಷ ನಮ್ಮನ್ನು ಸಂತ್ರಸ್ತರು ಎಂದುಕೊಂಡಿದ್ದೆವು. ಪತ್ರಿಕೆಗಳು ನಮ್ಮೂರನ್ನು ‘ಮುಳುಗಡೆ ನಗರಿ’ ಎಂದೇ ಬರೆಯುತ್ತವೆ. ಹೆಣ್ಣು ನೋಡಲು ಹೋದರೆ, “ಮುಳುಗಡೆಯವರೇ?” ಎಂದು ಕೇಳಿ, ಪರಿಹಾರದ ದುಡ್ಡು ಬ್ಯಾಂಕಿನಲ್ಲಿದೆಯೋ ಕರಗಿಹೋಗಿದೆಯೋ ಎಂದು ಮುಖದಲ್ಲಿ ಹುಡುಕುತ್ತಾರೆ. ಹಳೇ ಊರಿನ ಓಣಿ ಬಿಟ್ಟು ಬಂದಾಗ ಸಿಕ್ಕ ಹೊಸ ವಿಳಾಸದಲ್ಲಿ ದೇವರ ಹೆಸರಿಲ್ಲ, ಮನೆತನದ ಹೆಸರಿಲ್ಲ. ಸೆಕ್ಟರ್ ಎಂಬ ಅಂಕಿ ಇದೆ. ಹೋಳಿ ಹುಣ್ಣಿಮೆಗೆ ಹಲಗಿ ಬಾರಿಸಲು ನಾನು ಈಗಲೂ ಹಳೇ ಊರಿಗೇ ಹೋಗುತ್ತೇನೆ. ಅಂಕಿಗಳ ನಡುವೆ ಸುಟ್ಟರೆ ಕಾಮಣ್ಣ ಸುಟ್ಟಂತೆಯೇ ಅನ್ನಿಸುವುದಿಲ್ಲ. ಆದರೆ ಇದೆಲ್ಲ ತಪ್ಪು ತಿಳಿವಳಿಕೆಯಂತೆ. ನಾವು ಮುಳುಗಿದವರಲ್ಲ, ಕರಾವಳಿಯವರು.

ಸರ್ಕಾರಕ್ಕೆ ಇದು ಮೊದಲೇ ಗೊತ್ತಿತ್ತು ಎನ್ನಬೇಕು. 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಶಂಕುಸ್ಥಾಪನೆ ಮಾಡಿದವರು ಲಾಲ್ ಬಹದ್ದೂರ್ ಶಾಸ್ತ್ರಿ. ಅವರ ಹೆಸರನ್ನು ನೀರಿಗೆ ಇಡುವಾಗ ಕೆರೆ ಎನ್ನಲಿಲ್ಲ, ಕಟ್ಟೆ ಎನ್ನಲಿಲ್ಲ, ‘ಸಾಗರ’ ಎಂದರು. ಕೆಳಗೆ ನಾರಾಯಣಪುರದ್ದು ಬಸವಸಾಗರ. ಅದರ ಹಿನ್ನೀರು ಕೂಡಲಸಂಗಮದ ಐಕ್ಯಮಂಟಪದ ಸುತ್ತ ನಿಂತಿದೆ, ದರ್ಶನಕ್ಕೆ ಬಾವಿಗೆ ಇಳಿದಂತೆ ಇಳಿಯಬೇಕು. ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟಿದ್ದು ರೇಣುಕಾಸಾಗರ. ಹೀಗೆ ಒಂದು ಚಿಟಿಕೆ ಉಪ್ಪೂ ಇಲ್ಲದೆ ನಮಗೆ ಮೂರು ಸಾಗರ. ಮಂಗಳೂರಿನವರಿಗೆ ಇರುವುದು ಒಂದೇ.

ಸಣ್ಣಪುಟ್ಟ ವ್ಯತ್ಯಾಸಗಳು ಇಲ್ಲವೆಂದಲ್ಲ. ಅಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ನಮ್ಮಲ್ಲಿ ವರ್ಷಕ್ಕೆ ಒಂದೊಂದು. ಅವರ ನೀರನ್ನು ಚಂದ್ರ ಎಳೆಯುತ್ತಾನೆ. ನಮ್ಮದು ಮಹಾಬಳೇಶ್ವರದಲ್ಲಿ ಮಳೆ ಹೊಯ್ದು, ಕೊಯ್ನಾದ ಗೇಟು ಎತ್ತಿದರೆ ಬರುತ್ತದೆ. ಅವರಿಗೆ ಪಂಚಾಂಗ ಸಾಕು, ನಾವು ಮರಾಠಿ ಸುದ್ದಿ ಕೇಳಬೇಕು. ಮತ್ತೆ, ಅವರ ಸಮುದ್ರ ಬಡಪಾಯಿ, ಸಮುದ್ರ ಮಟ್ಟದಲ್ಲೇ ಬಿದ್ದುಕೊಂಡಿದೆ. ನಮ್ಮದು ತುಂಬಿದರೆ ಸಮುದ್ರ ಮಟ್ಟದಿಂದ 519.60 ಮೀಟರ್ ಮೇಲೆ.

ಅದೂ ಇನ್ನೂ ಬೆಳೆಯುವ ಕೂಸು. 2010ರಲ್ಲಿ, ಕೃಷ್ಣಾ ನೀರನ್ನು ರಾಜ್ಯಗಳಿಗೆ ಹಂಚುವ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ದಶಾಂಶದ ಮುಂದಿನ ಆ ಮೂರು ಅಂಕಿಗಳನ್ನು ಕಂಡು, ಊರು ಮುಳುಗಿಸುವುದನ್ನೂ ಮಿಲಿಮೀಟರಿನ ತನಕ ಲೆಕ್ಕ ಹಾಕಿದ ಪುಣ್ಯಾತ್ಮರು ಯಾರೋ ಎಂದು ಬಹಳ ದಿನ ಬೆರಗಾಗಿದ್ದೆ. ಒಮ್ಮೆ ಮೊಮ್ಮಗನಿಂದ ಅದನ್ನು ಅಡಿಗೆ ಬದಲಿಸಿ ನೋಡಿದೆ. ಸರಿಯಾಗಿ 1720 ಅಡಿ. ದುಂಡನೆಯ ಅಂಕಿ ಮೀಟರಿನ ಅಂಗಿ ತೊಟ್ಟು ಸೂಕ್ಷ್ಮವಾಗಿ ಕಾಣುತ್ತಿತ್ತು, ಅಷ್ಟೇ. ಆ 1720ರೊಳಗೆ ಇನ್ನಷ್ಟು ಹಳ್ಳಿಗಳು, ಬಾಗಲಕೋಟೆಯ ಇನ್ನಷ್ಟು ಓಣಿಗಳು ಬರುತ್ತವೆ. ಗೆಜೆಟ್ ಅಧಿಸೂಚನೆಯ ದಾರಿ ಕಾಯುತ್ತ, ಅಲ್ಲಿಯ ಜನ ಪ್ರತಿ ದೀಪಾವಳಿಗೆ ಗೋಡೆಗೆ ಸುಣ್ಣ ಹಚ್ಚಬೇಕೋ ಬೇಡವೋ ಎಂದು ಯೋಚಿಸುತ್ತಾರೆ.

ಇರಲಿ, ಕಡಲು ನೋಡಿಯೇ ಬಿಡೋಣವೆಂದು ಕರಪತ್ರದ ನಂಬರಿಗೆ ಫೋನ್ ಮಾಡಿದೆ. ಮೇ ತಿಂಗಳ ಉರಿ. ದಲಾಲಿ ಹುಡುಗ ಬೈಕಿನಲ್ಲಿ ಕರೆದೊಯ್ದು, ಜಾಲಿ ಕಂಟಿಯ ನೆರಳಿನಲ್ಲಿ ನಿಲ್ಲಿಸಿದ.

“ಕಡಲೆಲ್ಲಿ?” ಎಂದೆ.

“ಅಗೋ, ಕಾಕಾ.”

ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರೆ ಬಹು ದೂರದಲ್ಲಿ ಕತ್ತಿಯ ಅಲಗಿನಷ್ಟು ಹೊಳಪು. ನಡುವೆಯೆಲ್ಲ ಎರೆಮಣ್ಣು ಬಿರಿದು, ಅಂಗಾಲು ಇಳಿಯುವಷ್ಟು ಅಗಲದ ಬಿರುಕುಗಳು, ಒಣಗಿದ ಶಂಖದ ಹುಳುವಿನ ಚಿಪ್ಪುಗಳು. ಒಂದು ಕಡೆ ಯಾರದೋ ಮನೆಯ ಅಡಿಪಾಯದ ಸಾಲುಗಲ್ಲು. ಅದರ ಪಕ್ಕದಲ್ಲಿ ಬೀಸುಕಲ್ಲಿನ ಕೆಳಗಿನ ಅರ್ಧ, ಗೂಟದ ತೂತಿನಲ್ಲಿ ಕೆಸರು ಗಟ್ಟಿಯಾಗಿತ್ತು. ಮೇಲಿನ ಅರ್ಧವನ್ನು ಅವರು ಹೊತ್ತುಕೊಂಡು ಹೋಗಿರಬೇಕು. ಎರಡನ್ನೂ ಹೊರಲು ಆ ದಿನ ಯಾರಿಗೂ ರಟ್ಟೆ ಇರಲಿಲ್ಲವೇನೋ.

“ಇದು ಬೀಚು” ಎಂದ ಹುಡುಗ.

ಒಂದು ಮಾತು ಒಪ್ಪಬೇಕು, ರಾಜಹಂಸಗಳು ನಿಜವಾಗಿಯೂ ಇದ್ದವು. ಬೇಸಿಗೆಗೆ ನಮ್ಮ ಹಿನ್ನೀರಿಗೆ ಬರುವ ಈ ಗುಲಾಬಿ ರೆಕ್ಕೆಯ ಅತಿಥಿಗಳು ಯಾವ ಪರಿಹಾರವನ್ನೂ ಕೇಳದೆ ಕೆಸರಿನಲ್ಲಿ ಕೊಕ್ಕು ಆಡಿಸುತ್ತಿದ್ದವು. ಅಲ್ಲೇ ಆಡು ಮೇಯಿಸುತ್ತಿದ್ದ ಮುತ್ತ್ಯಾ ಒಬ್ಬರು ನಮ್ಮ ಬಳಿ ಬಂದು ತಂಬಾಕಿಗೆ ಸುಣ್ಣ ಕೇಳಿದರು. ಅವರ ಹೊಲ ಎಲ್ಲಿತ್ತು ಎಂದು ವಿಚಾರಿಸಿದೆ. ಕೋಲೆತ್ತಿ ತೋರಿಸಿದರು: “ಆ ಹಕ್ಕಿ ಒಂಟಿ ಕಾಲಲ್ಲಿ ನಿಂತಿದೆಯಲ್ಲ, ಅದರ ಕಾಲ ಕೆಳಗೆ.”

ಹುಡುಗ ಉತ್ಸಾಹದಿಂದ, ಆ ನೋಟ ಕಾಣುವ ಒಂದು ನಿವೇಶನದ ಬೆಲೆ ಹೇಳಿದ. ಮುತ್ತ್ಯಾ ಬೆರಳ ಗೆಣ್ಣು ಎಣಿಸುತ್ತ ತುಟಿ ಆಡಿಸಿದರು. ಒಂದು ಕೈ ಮುಗಿಯಿತು, ಇನ್ನೊಂದು ಕೈಗೆ ಹೋದರು. ಕೊನೆಗೆ, “ಹೊಲಕ್ಕಲ್ಲ, ಹೊಲ ನೋಡುವುದಕ್ಕೆ?” ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಆಡುಗಳ ಹಿಂದೆ ಹೊರಟುಹೋದರು.

ನಾನು ನಕ್ಷೆ ಬಿಡಿಸಿ ಹುಡುಗನನ್ನು ಕೇಳಿದೆ: “524 ಆದರೆ ಈ ಸಾಲೆಲ್ಲ ನೀರೊಳಗೆ ಹೋಗುವುದಿಲ್ಲವೇನಪ್ಪಾ?”

ಅವನಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಪೆನ್ನಿನಿಂದ ಮೇಲಿನ ಗೆರೆಯೊಂದನ್ನು ತಟ್ಟಿದ. “ಅದಕ್ಕೇ ಕಾಕಾ, ನಿಮಗೆ ಮೂರನೇ ಸಾಲು ತೋರಿಸುತ್ತಿದ್ದೇನೆ. ಈಗ ಅಗ್ಗ. ನೀರು ಏರಿದ ದಿನ ಅದೇ ಮೊದಲನೇ ಸಾಲು.”

“ಮುಂದಿನ ಎರಡು ಸಾಲಿನವರು?”

“ಅವರಿಗೇನು ಚಿಂತೆ? ಪರಿಹಾರ ಬರುತ್ತದಲ್ಲ.”